ಮೂರು ಭೂಮಿ ಬೇಕಾದ ಮನೆ

ಹೆಣ್ಣು ನೋಡುವ ಶಾಸ್ತ್ರ ಬಂತೆಂದರೆ ಊರಿಗಾಂ ಗಣಿಯ ಕೂಲಿಲೈನಿನ ಸಾಲುಮನೆಗಳಲ್ಲಿ ಅಕ್ಕಪಕ್ಕದ ಸಾಮಾನೆಲ್ಲ ಹೆಣ್ಣಿನ ಮನೆ ಸೇರುತ್ತದೆ. ಇದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ, ನಾಳೆ ಅವರ ಮನೆಯಲ್ಲೂ ಹೆಣ್ಣುಮಕ್ಕಳಿದ್ದಾರೆ. ಮುನಿರತ್ನಮ್ಮನ ಮನೆಗೆ ಅವತ್ತು ಕನಕಮ್ಮನ ಗ್ಯಾಸ್ ಒಲೆ, ಅಮ್ಮಾಜಮ್ಮನ ಕಲರ್ ಟಿವಿ, ಇನ್ಯಾರದೋ ಮಿಕ್ಸಿ, ಫ್ಯಾನು ಬಂದಿದ್ದವು. ಗಂಡನಿಗೆ ಗಣಿಯಲ್ಲಿ ಕೂಲಿ. ಮಗಳು ಮುತ್ಯಾಲಮ್ಮನಿಗೆ ಇಪ್ಪತ್ತಾರು ತುಂಬಿತ್ತು, ಎರಡು ಸಂಬಂಧ ಮುರಿದಿದ್ದವು. ಇದೂ ತಪ್ಪಿದರೆ ಇನ್ನು ಯಾರೂ ಹೊಸಿಲು ತುಳಿಯಲಾರರು ಎಂದು ತಾಯಿಗೆ ಪುಕಪುಕ ಅನ್ನುತ್ತಿತ್ತು.

ಕಾಮಸಮುದ್ರದಿಂದ ಬಂದಿದ್ದ ಗಂಡಿನ ತಾಯಿ ಅಕ್ಕಯ್ಯಮ್ಮ ಉಪ್ಪಿಟ್ಟಿಗೆ ಕೈ ಹಾಕುವುದಕ್ಕೂ ಆದಿನಾರಾಯಣ ಮೇಷ್ಟ್ರು ಫಾರಂ ಹಿಡಿದು ವಕ್ಕರಿಸುವುದಕ್ಕೂ ಸರಿಹೋಯಿತು. ಯಾವ ಮನೆಯವರು ಹೇಗೆ ಬದುಕುತ್ತಾರೆ, ಅದರಿಂದ ಭೂಮಿಯ ಮೇಲೆ ಎಷ್ಟು ಭಾರ ಎಂದು ಬೆಂಗಳೂರಿನ ಯಾವುದೋ ಸಂಘ ಲೆಕ್ಕ ಹಾಕಿಸುತ್ತಿತ್ತಂತೆ. ಶನಿ ಹೆಗಲೇರುವಾಗ ಹೊತ್ತುಗೊತ್ತು ಕೇಳುತ್ತದೆಯೇ?

"ಸ್ನಾನಕ್ಕೆ ಎಷ್ಟು ನೀರು ಬಳಸ್ತೀರಮ್ಮ?"

ಬೀದಿ ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ ನೀರು, ಮನೆಗೆ ಐದೇ ಬಿಂದಿಗೆ. ಆದರೆ ಅಕ್ಕಯ್ಯಮ್ಮ ಅಗಿಯುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದಳು.

"ಎಲ್ಡೊತ್ತೂ ಅಂಡೆ ತುಂಬ ಬಿಸ್ನೀರು ಮೇಷ್ಟ್ರೇ," ಎಂದಳು ಮುನಿರತ್ನಮ್ಮ.

"ಮಾಂಸ?"

"ವಾರಕ್ಕೆ ಮೂರ್ಸಲ."

"ಹರಿದ ಬಟ್ಟೆ ಹೊಲಿದು ಉಡ್ತೀರಾ?"

"ಅರಿಯೋಗಂಟ ಯಾರು ಉಡ್ತಾರೆ? ಬಿಸಾಕ್ತೀವಿ."

ಒಳಗೆ ಮುತ್ಯಾಲಮ್ಮ ತೇಪೆ ಹಾಕಿದ ರವಿಕೆಯ ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮೇಷ್ಟ್ರು ಟಿವಿ, ಮಿಕ್ಸಿ ಎಲ್ಲವನ್ನೂ ಬರೆದುಕೊಂಡು, ಕೂಡಿ ಗುಣಿಸಿ, ಸಂಕಟಪಟ್ಟರು.

"ಎಲ್ಲರೂ ನಿಮ್ಮ ಹಾಗೆ ಬದುಕಿದ್ರೆ ಮೂರು ಭೂಮಿ ಬೇಕಾಗುತ್ತಮ್ಮ."

ಮುನಿರತ್ನಮ್ಮನಿಗೆ ಹುಟ್ಟಿದಾಗಿನಿಂದ ಇಷ್ಟು ದೊಡ್ಡ ಮರ್ಯಾದೆ ಯಾರೂ ಕೊಟ್ಟಿರಲಿಲ್ಲ. ಅವಳು ಅಕ್ಕಯ್ಯಮ್ಮನಿಗೆ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದಳು.

ಮೂರನೇ ದಿನಕ್ಕೆ ಸಂಬಂಧ ತಂದಿದ್ದ ಶ್ರೀನಿವಾಸಪ್ಪ ತಲೆ ಕೆರೆದುಕೊಂಡು ಬಂದ.

"ಆಗಲ್ವಂತೆ ಕಣಕ್ಕ. ಅವರದು ಸೌದೆ ಒಲೆ, ಬಾವಿ ನೀರು, ಆರು ಎಮ್ಮೆ ಸಗಣಿ ಬಾಚ್ಬೇಕು. ಎಲ್ಡೊತ್ತೂ ಅಂಡೆ ನೀರು ಉಯ್ಕೊಳ್ಳೋ ಉಡ್ಗೀನ ಎಲ್ಲಿ ಸಾಕೋದು ಅಂತವ್ರೆ."

ಅತಿಯಾಸೆ ಗತಿಗೇಡು ಅನ್ನುವುದು ಸುಳ್ಳಲ್ಲ. ಆಸೆಪಟ್ಟದ್ದು ಮಾತಿನಲ್ಲಿ ಮಾತ್ರ, ಗತಿ ಕೆಟ್ಟದ್ದು ನಿಜವಾಗಿ. ಮುನಿರತ್ನಮ್ಮ ಮಾರನೇ ದಿನವೇ ಬಸ್ಸು ಹತ್ತಿ, ಮಾನ ಬದಿಗಿಟ್ಟು, ಅಕ್ಕಯ್ಯಮ್ಮನ ಹಟ್ಟಿಯಲ್ಲಿ ನಿಂತು ಎಲ್ಲ ಹೇಳಿಬಿಟ್ಟಳು.

"ಟಿವಿ ನಮ್ದಲ್ಲಕ್ಕ, ಗ್ಯಾಸೂ ನಮ್ದಲ್ಲ. ನನ್ ಮಗ್ಳು ಎಲ್ಡು ಚೊಂಬು ನೀರ್ನಾಗೆ ಮೈ ತೊಳ್ಕಂತಾಳೆ. ಒಂದೇ ಸೀರೆ ಮೂರೊರ್ಸ ಉಡ್ತಾಳೆ. ನಿಮ್ಮನೆಗೆ ಭಾರ ಆಗಲ್ಲ."

ಅಕ್ಕಯ್ಯಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಂಗಾದ್ರೆ ನಿಮ್ಮನೇಲಿ ಏನೂ ಇಲ್ಲಾಂತಾಯ್ತು," ಎಂದಳು. ಆಮೇಲೆ, "ಬಸ್ಸು ಎಷ್ಟೊತ್ತಿಗೈತೆ?" ಎಂದು ಕೇಳಿದಳು. ಕಾಫಿಯೂ ಬರಲಿಲ್ಲ.

ಮುನಿರತ್ನಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು. ಊರಿಗಾಂನಲ್ಲಿ ಇಳಿಯುವಾಗ ಅಳು ಹೋಗಿ ಸಿಟ್ಟು ಬಂದಿತ್ತು. ನೆಟ್ಟಗೆ ಮೇಷ್ಟ್ರ ಮನೆಗೆ ಹೋಗಿ, ಆ ಫಾರಂ ಹರಿದುಹಾಕಿ ನಿಜ ಬರೆದುಕೊಳ್ಳಿ ಎಂದು ಕೂತಳು. ಮೇಷ್ಟ್ರು ಬೇರೆ ಫಾರಂ ತೆಗೆದು ಮೊದಲಿಂದ ಕೇಳಿದರು. ಗ್ಯಾಸು ಇಲ್ಲ, ಗಾಡಿ ಇಲ್ಲ, ಒಂದು ಬಲ್ಬು. ಲೆಕ್ಕ ಮುಗಿದಾಗ ಅವರ ಮುಖ ಅರಳಿತು, ಎದ್ದು ಕೈಮುಗಿದರು.

"ತಾಯಿ, ಈ ಭೂಮೀಲಿ ಪ್ರತಿಯೊಬ್ಬರಿಗೂ ಇಷ್ಟು ಅಂತ ಪಾಲಿದೆ. ನಿಮ್ಮ ಪಾಲಲ್ಲಿ ನೀವು ಅರ್ಧಾನೂ ಬಳಸ್ತಾ ಇಲ್ಲ."

ಮುನಿರತ್ನಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು.

"ಮಿಕ್ಕಿದ್ದರ್ಧ ಯಾರತ್ರ ಐತೆ ಮೇಷ್ಟ್ರೇ? ಈಸ್ಕೊಡಿ, ಮಗ್ಳ ಮದ್ವೆ ಮಾಡ್ತೀನಿ."