ಕೆಸರಿನಲ್ಲಿ ಸಿಕ್ಕ ಬಡಿಗನ ಪೆಟ್ಟಿಗೆ

ಏಕಸಂಬಿಯ ಬಡಿಗೇರ ಧರೆಪ್ಪನಿಗೆ ಒಂದು ಕೆಟ್ಟ ಚಟವಿತ್ತು. ಬೀಡಿಯಲ್ಲ, ಎಲೆಅಡಿಕೆಯಲ್ಲ, ಯಾರ ಮನೆಗೆ ಹೋದರೂ ಕುರ್ಚಿಯನ್ನು ಬೋರಲು ಹಾಕಿ ಅದರ ಅಡಿ ನೋಡುವುದು. ಕೊಟ್ಟ ಚಹಾ ಆರಿಹೋದರೂ ಚಿಂತೆಯಿಲ್ಲ, ಕೀಲು ಹೇಗೆ ಕೂತಿದೆ ಎಂಬುದು ಅವನಿಗೆ ತಿಳಿಯಲೇಬೇಕು. ಇಂಥವನ ಕೈಗೆ ಮಗಳು ಪೂನಮ ಮೊಬೈಲ್ ಕೊಟ್ಟು ಒಂದು ವಿಡಿಯೋ ತೋರಿಸಿದ್ದೇ ತಪ್ಪಾಯಿತು.

ಅದರಲ್ಲಿ ಇದ್ದದ್ದು ಸಾವಿರ ವರ್ಷದ ಹಿಂದಿನ ಒಂದು ಮರದ ಪೆಟ್ಟಿಗೆ. ವೈಕಿಂಗರೆಂದು ಚಳಿದೇಶದ ಹಡಗಿನ ಜನರಿದ್ದರಂತೆ, ಅವರ ಕಾಲದ್ದು. ಸ್ವೀಡನ್ನಿನ ರೈತನೊಬ್ಬ ಜೌಗು ನೆಲ ಉಳುವಾಗ ನೇಗಿಲಿಗೆ ತಗುಲಿತ್ತು. ಸುತ್ತ ಕಬ್ಬಿಣದ ಸರಪಳಿ, ಒಳಗೆ ಗರಗಸ, ಬಾಚಿ, ಕೊಡಲಿ, ಸುತ್ತಿಗೆ, ಅರ. ಚಿಕ್ಕೋಡಿಯ ಕಾಲೇಜಿಗೆ ಹೋಗುವ ಪೂನಮ ಇಂಗ್ಲಿಷ್ ಮಾತನ್ನೆಲ್ಲ ಬಿಡಿಸಿ ಹೇಳುತ್ತಿದ್ದಳು. ಧರೆಪ್ಪನ ಕಣ್ಣು ಮಾತ್ರ ಪೆಟ್ಟಿಗೆಯ ಮೇಲೇ ಇತ್ತು. ಎರಡು ತುದಿಯ ಹಲಗೆಗಳೇ ಕೆಳಗಿಳಿದು ಕಾಲಾಗಿದ್ದವು. ತಳದ ಹಲಗೆಯ ಮೂತಿ ಅವುಗಳ ತೂತಿನೊಳಗೆ ನುಗ್ಗಿ ಕೂತಿತ್ತು. ಉದ್ದದ ಹಲಗೆಗಳು ಮೇಲಕ್ಕೆ ಹೋದಂತೆ ತುಸು ಒಳಕ್ಕೆ ವಾಲಿದ್ದವು, ಅವನ್ನು ಹಿಡಿದದ್ದು ಮರದ ಕೀಲು.

“ಇಷ್ಟೆಲ್ಲಾ ಸಾಮಾನ ಬಿಟ್ಟ ಅವ ಎಲ್ಲಿ ಹ್ವಾದ?” ಎಂದ.

“ಯಾರಿಗೂ ಗೊತ್ತಿಲ್ಲಪ್ಪಾ. ಆಗ ಅಲ್ಲಿ ಕೆರಿ ಇತ್ತಂತ, ದೋಣಿ ಮುಳುಗಿರಬೇಕು ಅಂತಾರ.”

“ಮುಳುಗಿದ್ರ ಹುಡುಕಬೇಕಿಲ್ಲೇನ? ಬಡಿಗ ಜೀವಾ ಬಿಟ್ಟಾನು, ಬಾಚಿ ಬಿಡ್ತಾನೇನ?”

ಆ ಪ್ರಶ್ನೆ ಅವನ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತು. ಮಾಡಿದ ಮನುಷ್ಯ ತಿಳಿಯಬೇಕಾದರೆ ಪೆಟ್ಟಿಗೆಯನ್ನೇ ಮಾಡಿ ನೋಡಬೇಕು ಎಂದುಕೊಂಡ. ಒಪ್ಪಿಕೊಂಡಿದ್ದ ಪ್ಲೈವುಡ್ ಕಪಾಟುಗಳು ಮೂಲೆ ಸೇರಿದವು. ಕೆಡವಿದ ದನದ ಕೊಟ್ಟಿಗೆಯಿಂದ ಹಳೆಯ ಬೇವಿನ ಹಲಗೆಗಳನ್ನು ತಂದು, ಕೈಗರಗಸದಿಂದಲೇ ಕೊಯ್ದು, ಉಳಿಯಿಂದಲೇ ತೂತು ಕಡಿದ. ಕೀಲು ಹೊಡೆಯುವ ದುಂಡನೆಯ ತೂತುಗಳ ತನಕ ಬಂದು ಕೆಲಸ ನಿಂತಿತು.

“ಡ್ರಿಲ್ ಮಷೀನ ಐತೆಲ್ಲಪ್ಪಾ,” ಎಂದಳು ಪೂನಮ.

“ಕರೆಂಟ ಹಚ್ಚಿದ್ರ ಅವ ಹೆಂಗ ಮಾಡ್ಯಾನ ಅಂತ ನನಗ ಹೆಂಗ ತಿಳೀಬೇಕು?”

ಇದು ಅರ್ಧ ನಿಜ. ಇನ್ನರ್ಧ ಬೋರಗಾಂವದಲ್ಲಿತ್ತು. ಕೈಯಿಂದ ತಿರುವಿ ತೂತು ಕೊರೆಯುವ ಗಿರಮಿಟ್ಟು ಅಲ್ಲಿ ತಮ್ಮ ಹಾಲಸಿದ್ದನ ಮನೆಯಲ್ಲಿತ್ತು. ಅಪ್ಪ ತೀರಿಕೊಂಡು ಅಣ್ಣತಮ್ಮ ಬೇರೆಯಾದಾಗ ಆಯುಧಗಳೂ ಪಾಲಾದವು. ಗರಗಸ ಅಣ್ಣನಿಗೆ, ಗಿರಮಿಟ್ಟು ತಮ್ಮನಿಗೆ. ಉಳಿಗಳು ನಿನಗೊಂದು ನನಗೊಂದು. ಅಪ್ಪನ ಬಾಚಿಯ ಸರದಿ ಬಂದಾಗ ಬಾಯಿಗೆ ಬಾಯಿ ಹತ್ತಿತು. ಪಂಚರು ಅದನ್ನು ಹಾಲಸಿದ್ದನಿಗೆ ಕೊಟ್ಟರು. ಅಂದಿನಿಂದ ಇಬ್ಬರೂ ಮದುವೆ ಮನೆಯಲ್ಲಿ ಸಿಕ್ಕರೂ ಬೇರೆ ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂಡುತ್ತಿದ್ದರು. ಧರೆಪ್ಪನಿಗೆ ತಮ್ಮ ಬೇಕಾಗಿದ್ದ. ಸುಮ್ಮನೆ ಹೋಗಲು ಮಾತ್ರ ಹಟ ಬಿಡುತ್ತಿರಲಿಲ್ಲ. ಈಗೊಂದು ನೆವ ಸಿಕ್ಕಿತ್ತು.

ಮರುದಿನ ಹಲಗೆಗಳನ್ನು ಬೈಕಿಗೆ ಕಟ್ಟಿಕೊಂಡು ಸದಲಗಾ ದಾಟಿ ಹೊರಟ. ಗಿರಮಿಟ್ಟು ಕೈಗೆ ಕೊಡದಿದ್ದರೆ ಅಲ್ಲೇ ತೂತು ಹೊಡೆದುಕೊಂಡು ಬರುವುದು ಅವನ ಲೆಕ್ಕಾಚಾರ.

ಹಾಲಸಿದ್ದ ಪಾವರಲೂಮ್ ಶೆಡ್ಡಿನಿಂದ ಎದ್ದು ಬಂದ. ತಲೆಯ ತುಂಬ ಹತ್ತಿಯ ಎಳೆ. ಅವನ ಹೆಂಡತಿ ನೀರು ಕೊಟ್ಟಳು, ಚಹಾ ಕೊಟ್ಟಳು. ಧರೆಪ್ಪ ಬಂದ ಕೆಲಸ ಹೇಳುವ ಬದಲು ಮೊಬೈಲ್ ತೆಗೆದು ವಿಡಿಯೋ ಹಚ್ಚಿದ. ಹಾಲಸಿದ್ದ ಪೂರ್ತಿ ನೋಡಿ, ಮತ್ತೊಮ್ಮೆ ಹಚ್ಚಿಸಿ ನೋಡಿದ.

“ಇವ ಯಾಕ ತಿರುಗಿ ಬರಲಿಲ್ಲ, ಹೇಳ ನೋಡೂಣು,” ಎಂದ ಧರೆಪ್ಪ.

“ಕಳಕೊಂಡಿಲ್ಲಣ್ಣಾ ಅವ. ಒಗದಾನ.”

“ಹುಚ್ಚ ಅದೀಯೇನ್ಲೇ? ಸರಪಳಿ ಬಿಗದ ಯಾರ ಒಗೀತಾರ?”

“ಮತ್ತ ತಗೀಬಾರದಂತ ಬಿಗದಿರತಾನ.” ಹಾಲಸಿದ್ದ ಮೊಬೈಲನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟ. “ನಾನೂ ಒಗದೇನಿ. ಮಗ್ಗಕ್ಕ ಹೋಗಾಕ ಸುರು ಮಾಡಿದ ದಿನಾ ಎಲ್ಲಾ ಹಳೀ ಕಬ್ಬಿಣದ ಭಂಗಾರದವಗ ತೂಕಕ್ಕ ಹಾಕಿದೆ. ಅವು ಕಣ್ಣಿಗೆ ಬಿದ್ರ ಮಗ್ಗಕ್ಕ ಹೋಗಾಕ ಕಾಲ ಏಳತಿರಲಿಲ್ಲ.”

“ಅಪ್ಪನ ಬಾಚಿ?”

“ಅದೂನೂ.”

ಧರೆಪ್ಪನ ಮೈಯೆಲ್ಲ ಉರಿಯಿತು. ಯಾವ ಬಾಚಿಗಾಗಿ ಒಡಹುಟ್ಟಿದವನ ಮುಖ ನೋಡುವುದು ಬಿಟ್ಟಿದ್ದನೋ ಅದು ಹಳೆಯ ಕಬ್ಬಿಣವಾಗಿ ತಕ್ಕಡಿ ಏರಿತ್ತು. ಎದ್ದು ನಿಂತ. ಕೈ ಬೈಕಿನ ಚಾವಿ ಹುಡುಕುತ್ತಿತ್ತು. ಆಡಿದರೆ ಈ ಜನ್ಮಕ್ಕೆ ಸಂಬಂಧ ಹರಿದುಹೋಗುವಂಥ ಒಂದು ಮಾತು ಬಾಯಿಗೆ ಬಂದಿತ್ತು.

ಅಷ್ಟರಲ್ಲಿ ಹಾಲಸಿದ್ದ ಒಳಗೆ ಹೋಗಿ ಬಂದ. ಕೈಯಲ್ಲಿ ಗಿರಮಿಟ್ಟು ಇತ್ತು. ಅದಕ್ಕೆ ತುಕ್ಕು ಹಿಡಿದಿರಲಿಲ್ಲ, ಎಣ್ಣೆ ಕಂಡಿತ್ತು.

“ಇದೊಂದ ಹಾಕಾಕ ಮನಸ ಬರಲಿಲ್ಲ,” ಎಂದ. ಅಣ್ಣನನ್ನು ಏನೂ ಕೇಳದೆ ಬೈಕಿನ ಹಗ್ಗ ಬಿಚ್ಚಿ ಹಲಗೆಯೊಂದನ್ನು ಅಂಗಳದಲ್ಲಿ ಎರಡು ಕಲ್ಲುಗಳ ಮೇಲೆ ಇಟ್ಟ. ಪೆನ್ಸಿಲ್ಲಿನ ಗುರುತು ನೋಡಿ ಗಿರಮಿಟ್ಟಿನ ಮೊನೆ ಇಟ್ಟು ತಿರುವಿದ. ಹಲಗೆ ಜಾರಿತು. ಇನ್ನೊಮ್ಮೆ ಇಟ್ಟ, ಮತ್ತೆ ಜಾರಿತು.

“ಹಲಗಿ ಸರ್ಯಾಕತ್ತೈತಿ,” ಎಂದ ತಲೆ ಎತ್ತದೆ. “ಕುಂದ್ರ ಅದರ ಮ್ಯಾಲ.”

ಚಾವಿ ಹುಡುಕುತ್ತಿದ್ದ ಕೈಯನ್ನು ಧರೆಪ್ಪ ಜೇಬಿನಿಂದ ತೆಗೆದ. ಆಮೇಲೆ ಹೋಗಿ ಕೂತ. ಗಿರಮಿಟ್ಟು ಕಿರುಗುಟ್ಟುತ್ತ ಇಳಿಯಿತು, ಬೇವಿನ ಪುಡಿ ಕಾಲಿನ ಮೇಲೆ ಉದುರಿತು. ತೂತು ಆಚೆ ಹೊರಟಾಗ ಹಾಲಸಿದ್ದ ಬಗ್ಗಿ ಊದಿದ. ಧರೆಪ್ಪನೂ ಬಗ್ಗಿ ನೋಡಿದ. ತೂತು ನೆಟ್ಟಗಿತ್ತು. ಬಾಚಿಯ ಸಂಕಟ ಎದೆಯಲ್ಲಿ ಹಾಗೆಯೇ ಇತ್ತು. ಆದರೂ ಎಷ್ಟೋ ವರ್ಷದ ಮೇಲೆ ತಮ್ಮನ ಕೈಚಳಕ ಕಂಡು ಅವನಿಗೆ ಖುಷಿಯಾಯಿತು, ಕಣ್ಣೂ ತುಂಬಿತು.

“ಬಾಚಿ ಇಲ್ಲಾ ಅಂತ ತಿಳದ್ರ ನೀ ಎದ್ದ ಹೋಗ್ತಿ ಅಂತ ಅಂಜಿಕಿ ಇತ್ತು,” ಎಂದ ಹಾಲಸಿದ್ದ. “ಅದಕ್ಕ ನಿನ್ನ ಮನಿಗೆ ಕರೀಲಿಲ್ಲ.”

“ಹೋಗಬೇಕಂತನ ಎದ್ದಿದ್ದೆ,” ಎಂದ ಧರೆಪ್ಪ. “ನೀ ಕುಂದ್ರ ಅಂದಿ.”