ಮನೆ ಅಳಿಯನ ಹಿಂಗಾಲು

ನಮಗೆ ಮಗಳಿಲ್ಲ, ಅಳಿಯನಿದ್ದಾನೆ. ಈ ಮಾತು ಕೇಳಿದವರು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಾರೆ. ಆಗ ನಾನು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಬೆರಳು ತೋರಿಸುತ್ತೇನೆ. ಅಲ್ಲಿ ಬೂದು ಬಣ್ಣದ ಮೊಲವೊಂದು ದೊಡ್ಡ ಮನುಷ್ಯರ ಗತ್ತಿನಲ್ಲಿ ಕೂತಿರುತ್ತದೆ. ಹೊತ್ತು ಹೊತ್ತಿಗೆ ಊಟ ಬರಬೇಕು, ತಡವಾದರೆ ಹಿಂಗಾಲಿನಿಂದ ನೆಲ ಗುದ್ದಿ ಸಿಟ್ಟು ತೋರಿಸಬೇಕು, ದುಡಿಮೆ ಮಾತ್ರ ಸೊನ್ನೆ. ಇಂಥವನನ್ನು ಮನೆ ಅಳಿಯ ಎನ್ನದೆ ಇನ್ನೇನೆಂದು ಕರೆಯಬೇಕು? ಹೆಸರಿಟ್ಟವರು ಇವರು, ಅಂದರೆ ನನ್ನ ಗಂಡ.

ನಾನು ಮನೆಯ ಮುಂದಿನ ಕೋಣೆಯಲ್ಲಿ ಪರದೆ, ದಿಂಬಿನ ಚೀಲ ಹೊಲಿಯುತ್ತೇನೆ. ಇವರು ಮನೆಗಳಿಗೆ ಟೈಲ್ಸ್ ಹಾಕುತ್ತಾರೆ. ಊರವರ ನೆಲವನ್ನೆಲ್ಲ ಕನ್ನಡಿ ಮಾಡಿ, ನಮ್ಮ ಮನೆಯಲ್ಲಿ ಮಾತ್ರ ಒಡಕು ಸಿಮೆಂಟು ಉಳಿಸಿಕೊಂಡಿದ್ದರು. ನಾನು ಪಟ್ಟು ಬಿಡದೆ ಕಾಡಿದ ಮೇಲೆ ಈ ವರ್ಷ ಹಾಲ್‌ಗೆ ಹಾಲಿನಂಥ ಬಿಳಿ ಟೈಲ್ಸ್ ಬಂತು. ಇವರ ತಂಗಿ, ನನ್ನ ನಾದಿನಿ, ಅದನ್ನು ಕಂಡು ತನ್ನ ಹಳೆಯ ಪಲ್ಲವಿಯನ್ನೇ ಹಾಡಿದಳು. ಅತ್ತಿಗೆ ಹಿಡಿದ ಮೊಲಕ್ಕೆ ಮೂರೇ ಕಾಲು, ಅಂದಮೇಲೆ ಅಣ್ಣ ಬಗ್ಗಲೇಬೇಕು ಎಂದಳು. ಹಟಮಾರಿಗಳಿಗೆ ಹೇಳುವ ಈ ಗಾದೆ ನನಗೆ ಹುಟ್ಟಿದಾಗಿನಿಂದ ಅಂಟಿಕೊಂಡಿದೆ. ನಿಜವಾದ ಮೊಲ ತಂದ ಮೇಲಂತೂ ಬಂದವರೆಲ್ಲ ಬಗ್ಗಿ ಅದರ ಕಾಲು ಎಣಿಸಿ ನಗುವುದೇ ಆಯಿತು. ನಾಲ್ಕಿವೆ, ಸರಿಯಾಗಿ ಎಣಿಸಿಕೊಳ್ಳಿ ಎಂದು ನಾನೂ ಹೇಳುತ್ತಿದ್ದೆ.

ಒಂದು ಬೆಳಿಗ್ಗೆ ನಾದಿನಿ ಬರುವವಳಿದ್ದಳು. ತಂಗಿಯ ಮುಂದೆ ನೆಲ ಮಿಂಚಲಿ ಎಂದು ಇವರು ಬೆಳಗಾಗುತ್ತಲೇ ಪಾಲಿಶ್ ಹಿಡಿದು ಕೂತರು. ನಾನು ದಪ್ಪ ಪರದೆಯ ಬಟ್ಟೆ ಕತ್ತರಿಸುತ್ತಿದ್ದಾಗ ಕೈ ಜಾರಿ ದೊಡ್ಡ ಕತ್ತರಿ ಕೆಳಗೆ ಬಿತ್ತು. ಆ ಸದ್ದಿಗೆ ಅಳಿಯ ಬೆಚ್ಚಿ ಹಾಲ್‌ಗೆ ಓಡಿದ. ಮುಂಗಾಲು ಒಂದು ಕಡೆ, ಹಿಂಗಾಲು ಎರಡು ಕಡೆ ಜಾರಿ, ಗೋಡೆಯ ಹತ್ತಿರ ಹೊಟ್ಟೆಯ ಮೇಲೆ ಚಾಚಿಕೊಂಡು ಬಿದ್ದ. ಮೊಲಗಳು ಸುಖವಾಗಿರುವಾಗಲೂ ಹಾಗೆ ಕಾಲು ಚಾಚುವುದುಂಟು. ಉಂಡ ಅಳಿಯ ಮಲಗಿದ ಎಂದು ಇವರು ನಕ್ಕರು, ನಾನೂ ನಕ್ಕೆ. ಕೊತ್ತಂಬರಿ ಕಡ್ಡಿ ತೋರಿಸಿದಾಗ ಅವನು ಮುಂಗಾಲುಗಳನ್ನಷ್ಟೇ ಊರಿ, ಹಿಂದಿನ ಅರ್ಧ ಮೈಯನ್ನು ಒದ್ದೆ ಬಟ್ಟೆ ಎಳೆದಂತೆ ಎಳೆದುಕೊಂಡು ಬಂದ.

ಪಕ್ಕದ ಬೀದಿಯ ಟ್ಯಾಕ್ಸಿ ಡ್ರೈವರ್‌ಗೆ ಫೋನ್ ಮಾಡಿದೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಇಷ್ಟೇ.

"ಅಳಿಯ ಬಿದ್ದುಬಿಟ್ಟಿದ್ದಾನೆ, ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಬೇಗ ಬಾ."

ಪುಣ್ಯಾತ್ಮ ಐದು ನಿಮಿಷದಲ್ಲಿ ಬಂದ. ಜೊತೆಗೆ ಒಂದು ಹಲಗೆ, ಹಲಗೆ ಹಿಡಿಯಲು ಇಬ್ಬರು ಗಟ್ಟಿಮುಟ್ಟಾದ ಗೆಳೆಯರು. ಬಾಗಿಲಲ್ಲಿ ನಿಂತು, ನಿಮಗೆ ಮಗಳಿದ್ದಾಳೆ ಅಂತಲೇ ಗೊತ್ತಿರಲಿಲ್ಲವಲ್ಲ ಎಂದು ಸಂಕೋಚದಿಂದ ಕೇಳಿದ. ನಾನು ಟವೆಲ್ ಹಾಸಿದ ಬುಟ್ಟಿಯನ್ನು ತೋರಿಸಿದೆ. ಇನ್ನೊಬ್ಬನಾಗಿದ್ದರೆ ಬೈದು ಹೋಗುತ್ತಿದ್ದ. ಇವನು ಬುಟ್ಟಿಯೊಳಗೆ ನೋಡಿ, ಗೆಳೆಯರನ್ನು ಅಲ್ಲೇ ಬಿಟ್ಟು, ಒಂದು ಕುಲುಕೂ ಆಗದಂತೆ ಆಸ್ಪತ್ರೆಗೆ ಗಾಡಿ ಓಡಿಸಿದ.

ಪ್ರಾಣಿಗಳ ಡಾಕ್ಟರಮ್ಮ ಮೊದಲು ನೋಡಿದ್ದು ನನ್ನ ಕೈಯನ್ನು. ನಾನು ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂಭಾಗಕ್ಕೆ ಕೊಟ್ಟು ಎತ್ತಿದ್ದೆ. ಹಾಗೇ ಎತ್ತಬೇಕು, ಜೋಲು ಬಿಟ್ಟರೆ ಇವು ಒದೆಯುವ ಭರಕ್ಕೇ ಬೆನ್ನು ಮುರಿದುಕೊಳ್ಳುತ್ತವೆ ಎಂದರು. ಅವನ ಹಿಂಗಾಲಿನ ಬೆರಳುಗಳನ್ನು ಮೆಲ್ಲಗೆ ಚಿವುಟಿದರು. ಬಲಗಾಲು ಚೂರು ಹಿಂದೆ ಸರಿಯಿತು, ಎಡಗಾಲು ಅಲುಗಲಿಲ್ಲ. ಎಕ್ಸ್‌ರೇಯಲ್ಲಿ ಮುರಿತ ಕಾಣಲಿಲ್ಲ. ಬೆನ್ನಿನ ನರಕ್ಕೆ ಪೆಟ್ಟಾಗಿ ಊದಿಕೊಂಡಿರಬಹುದು, ಕೆಲವು ಮೊಲಗಳಲ್ಲಿ ಒಂದು ಪರೋಪಜೀವಿಯಿಂದಲೂ ಹೀಗಾಗುತ್ತದೆ ಎಂದು ರಕ್ತ ತೆಗೆದುಕೊಂಡು, ಎರಡಕ್ಕೂ ಔಷಧಿ ಬರೆದರು. ಆಮೇಲೆ ಕನ್ನಡಕ ತೆಗೆದಿಟ್ಟು ನನ್ನ ಮುಖ ನೋಡಿ ಮಾತಾಡಿದರು.

"ಕಾಲಿನ ಚಿಂತೆ ಆಮೇಲೆ. ಮೊದಲು ತಿನ್ನಬೇಕು, ಹೊಟ್ಟೆ ನಿಂತರೆ ಮೊಲ ಉಳಿಯಲ್ಲ. ಮೈ ಒಣಗಿರಬೇಕು. ಕೆಲವು ವಾರ ನೋಡೋಣ. ಕಾಲಿಗೂ ಜೀವ ಬರದೆ, ಉಚ್ಚೆಯ ಮೇಲೂ ಹಿಡಿತ ಬರದೆ, ನೋವಿನಲ್ಲೇ ಇದ್ದರೆ, ಆಗ ನೋವಿಲ್ಲದ ಸೂಜಿ ಕೊಟ್ಟು ಕಳಿಸಿಕೊಡಬೇಕಾಗುತ್ತೆ. ಆಗ ನೀವು ಹಟ ಮಾಡಬಾರದು."

ಮಾಡಲ್ಲ, ಆದರೆ ಅಲ್ಲಿಯವರೆಗೆ ಮಾಡ್ತೀನಿ ಎಂದೆ. ಅವರು ನಕ್ಕು, ಅಲ್ಲಿಯವರೆಗೆ ಅದೇ ಬೇಕು ಎಂದರು.

ಮನೆಗೆ ಬಂದರೆ ನಾದಿನಿ ಆಗಲೇ ಕಣ್ಣು ಒರೆಸಿಕೊಳ್ಳುತ್ತ ಕೂತಿದ್ದಳು. ಅವಳ ಮನಸ್ಸು ಬೆಣ್ಣೆ, ಬಾಯಿ ಮಾತ್ರ ಬೆಂಕಿ. ಪಾಪದ ಜೀವವನ್ನು ಯಾಕೆ ನರಳಿಸುತ್ತೀರಿ, ಇವತ್ತೇ ಕಳಿಸಿಬಿಡಿ ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮೇಲೆ ತೋರಿಸಲಾಗದೆ ನೆಲದ ಮೇಲೆ ತೋರಿಸಿದೆ, ಈ ಹಾಳು ನುಣುಪಿನಿಂದಲೇ ಇಷ್ಟೆಲ್ಲ ಆಯಿತು ಎಂದೆ. ಗೇಣುದ್ದ ಟೈಲ್ಸಿಗೂ ಮಟ್ಟಗೋಲು ಇಟ್ಟು ಹಾಕಿದ ಮನುಷ್ಯ, ಸುಮ್ಮನಿರುತ್ತಾರೆಯೇ?

"ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ. ಕತ್ತರಿ ಬೀಳಿಸಿದ್ದು ಯಾರು?"

ಅದಾದ ಮೇಲೆ ನಾವು ಗಂಡ ಹೆಂಡತಿ ಅಳಿಯನ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಅದೂ ಅಳಿಯನ ಮೂಲಕವೇ. ನಿಮ್ಮ ಮಾವನಿಗೆ ಹೇಳು, ಟವೆಲ್ ಒಣಗಿದೆ ಎಂದು ನಾನು. ನಿಮ್ಮತ್ತೆಗೆ ಹೇಳು, ಮಡಿಸಿಟ್ಟಿದ್ದೀನಿ ಎಂದು ಇವರು.

ಹೊಲಿಗೆ ಕೆಲಸ ನನಗೆ ಹೊಸದಲ್ಲ, ರೋಗಿ ಮಾತ್ರ ಹೊಸಬ. ಮೇಜಿನ ಕೆಳಗೆ ಸಣ್ಣ ಜಾಗ ಕಟ್ಟಿ, ದಿಂಬಿಗೆ ತಂದಿದ್ದ ಫೋಮ್ ಹಾಸಿ, ಮೇಲೆ ನೀರು ಹೀರುವ ದಪ್ಪ ಬಟ್ಟೆ ಹೊಲಿದು ಹೊದಿಸಿದೆ. ಒದ್ದೆಯಾದಾಗಲೆಲ್ಲ ಬದಲಾಯಿಸಿ, ಅವನ ಹಿಂಭಾಗವನ್ನು ಉಗುರು ಬೆಚ್ಚಗಿನ ನೀರಲ್ಲಿ ಒರೆಸಿ, ಕೂದಲು ಒಣಗುವವರೆಗೆ ಮಡಿಲಲ್ಲಿ ಇಟ್ಟುಕೊಂಡೆ. ಮೊದಲ ದಿನ ಹುಲ್ಲಿನ ಕಡೆ ಮುಖ ತಿರುಗಿಸಿದ. ಡಾಕ್ಟರಮ್ಮ ಕೊಟ್ಟ ಪುಡಿಯನ್ನು ನೀರಲ್ಲಿ ಕಲಸಿ, ಸಿರಿಂಜಿನಲ್ಲಿ ಕೆನ್ನೆಯ ಪಕ್ಕದಿಂದ ಚೂರು ಚೂರೇ ಕೊಟ್ಟೆ. ಸಂಜೆ ಬಟ್ಟೆಯ ಮೇಲೆ ದುಂಡನೆಯ ನಾಲ್ಕು ಹಿಕ್ಕೆ ಕಂಡಾಗ ನನಗಾದ ಸಂತೋಷವನ್ನು ಬಂಗಾರದ ಅಂಗಡಿಗೆ ಹೋದವಳೂ ಪಟ್ಟಿರಲಾರಳು. ಹೊಟ್ಟೆ ನಡೆಯುತ್ತಿದೆ, ಇನ್ನು ಕಾಲೂ ನಡೆಯುತ್ತದೆ ಎಂದು ಗಟ್ಟಿಯಾಗಿ ಹೇಳಿದೆ. ಅಡುಗೆಮನೆಯಿಂದ ಇವರು ಬಂದು ಹಿಕ್ಕೆ ಎಣಿಸಿ ಒಳಗೆ ಹೋದರು.

ಊತ ಇಳಿದ ಮೇಲೆ ಡಾಕ್ಟರಮ್ಮನನ್ನು ಕೇಳಿ ಪರದೆಯ ಮೆತ್ತನೆ ಅಸ್ತರಿನಿಂದ ಒಂದು ಜೋಲಿ ಹೊಲಿದೆ. ಅದನ್ನು ಹೊಟ್ಟೆಯ ಕೆಳಗೆ ಕೊಟ್ಟು ಹಿಂಭಾಗ ಎತ್ತಿ ಹಿಡಿದರೆ ಅವನು ಮುಂಗಾಲಲ್ಲಿ ನಾಲ್ಕು ಹೆಜ್ಜೆ ಹೋಗುತ್ತಿದ್ದ. ಆದರೆ ಎಲ್ಲಿಗೆ ಹೋಗುವುದು? ಮೇಜಿನ ಆಚೆ ಅದೇ ಬಿಳಿ ನೆಲ. ಹೊಸ್ತಿಲಿಗೆ ಬಂದರೆ ಅವನ ಉಗುರು ಜಾರುತ್ತಿತ್ತು, ಕೂಡಲೇ ಹೆದರಿ ಮುದುಡುತ್ತಿದ್ದ.

ಒಂದು ಮಧ್ಯಾಹ್ನ ಇವರು ಕೆಲಸ ಬಿಟ್ಟು ಬೇಗ ಬಂದರು. ಹೆಗಲ ಮೇಲೆ ಒರಟು ಕಾರ್ಪೆಟ್ಟಿನ ಸುರುಳಿ, ಕೈಯಲ್ಲಿ ಅಂಟಿನ ಡಬ್ಬ. ಮೇಜಿನಿಂದ ಅಡುಗೆಮನೆಯವರೆಗೆ ದಾರ ಹಿಡಿದು ಗೆರೆ ಎಳೆದರು. ಸುಮ್ಮನೆ ಹಾಸಿದರೂ ಆಗುತ್ತಿತ್ತು, ಬೇಡವಾದಾಗ ಎತ್ತಿಡಬಹುದಿತ್ತು. ಇವರು ಆ ಕನ್ನಡಿಯಂಥ ನೆಲದ ನಟ್ಟನಡುವೆ ಅಂಟು ಸುರಿದು, ಕರಣೆಯಲ್ಲಿ ಸವರಿ, ಕಾರ್ಪೆಟ್ಟನ್ನು ಒತ್ತಿ ಕೂರಿಸಿದರು. ಇನ್ನು ಅದನ್ನು ಕಿತ್ತರೆ ಟೈಲ್ಸಿನ ಹೊಳಪೂ ಕಿತ್ತು ಬರುತ್ತದೆ. ಅದು ನನಗಿಂತ ಚೆನ್ನಾಗಿ ಅವರಿಗೇ ಗೊತ್ತು. ಮುಗಿದ ಮೇಲೆ ಮಂಡಿ ಹಿಡಿದು ಎದ್ದರು. ಈ ಸಲ ಅಳಿಯನಿಗಲ್ಲ, ನನಗೇ ಹೇಳಿದರು.

"ನೆಲ ಡೊಂಕಿಲ್ಲ. ನುಣುಪು ಜಾಸ್ತಿ ಆಯ್ತು, ಅಷ್ಟೇ."

ಆ ಮನುಷ್ಯನ ಬಾಯಲ್ಲಿ ಅಷ್ಟು ಬಂದದ್ದೇ ದೊಡ್ಡದು. ನಾನು ಅವರ ಅಂಗೈಯ ಅಂಟನ್ನು ಸೀಮೆಎಣ್ಣೆ ಹಚ್ಚಿ ಒರೆಸಿ ತೆಗೆದೆ. ಕತ್ತರಿ ಬೀಳಿಸಿದ್ದು ನಾನೇ ಎಂದು ನಾನೂ ಒಪ್ಪಿಕೊಂಡೆ.

ಆ ಹಾದಿಯ ಮೇಲೆ ಬಲಗಾಲು ದಿನದಿನಕ್ಕೆ ಬಲವಾಯಿತು. ಮತ್ತೆ ಆಸ್ಪತ್ರೆಗೆ ಹೋದಾಗ ರಕ್ತದಲ್ಲಿ ಪರೋಪಜೀವಿ ಇಲ್ಲವೆಂದು ಗೊತ್ತಾಯಿತು, ಪೆಟ್ಟೇ ಕಾರಣ. ಉಚ್ಚೆಯ ಮೇಲೆ ಹಿಡಿತ ಬಂದಿದೆ, ನೋವಿಲ್ಲ, ಕಳಿಸಿಕೊಡುವ ಮಾತು ಇನ್ನು ಬೇಡ ಎಂದರು ಡಾಕ್ಟರಮ್ಮ. ಎಡಗಾಲು ಮಾತ್ರ ಬಹುಶಃ ಬರಲಾರದು ಎಂದೂ ಹೇಳಿದರು. ಬರುವ ದಾರಿಯಲ್ಲಿ ನಾನು ಅತ್ತುಬಿಟ್ಟೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, ಅಳಿಯಂದಿರು ಹೇಗಿದ್ದಾರೆ ಎಂದು ಕೇಳಿದಾಗ ಅಳುತ್ತಲೇ ನಗು ಬಂತು.

ಹೋದ ಭಾನುವಾರ ನಾದಿನಿ ಬಂದಿದ್ದಳು. ಅವಳೊಂದಿಗೆ ಮಾತಿಗೆ ಕೂತು ಅಳಿಯನ ಊಟದ ಹೊತ್ತು ಮೀರಿದ್ದು ನನಗೆ ತಿಳಿಯಲಿಲ್ಲ. ಮೇಜಿನ ಕೆಳಗಿಂದ ಧಬ್ ಎಂದು ಸದ್ದಾಯಿತು. ಇವರೂ ಸೇರಿ ಮೂವರೂ ಆ ಕಡೆ ತಿರುಗಿದೆವು. ಇನ್ನೊಮ್ಮೆ, ಇನ್ನೂ ಜೋರಾಗಿ, ಧಬ್. ಕತ್ತರಿ ಬಿದ್ದ ದಿನದಿಂದ ನಮ್ಮ ಮನೆಯಲ್ಲಿ ಕೇಳದಿದ್ದ ಸದ್ದು ಅದು. ಇವರು ಮುಖ ತಿರುಗಿಸಿ ಕಿಟಕಿಯ ಕಡೆ ನಿಂತುಕೊಂಡರು.

ಅಳಿಯ ಸಾಹೇಬರು ಹೊರಗೆ ಬಂದರು. ಎಡಗಾಲನ್ನು ಪಕ್ಕಕ್ಕೆ ಮಡಿಸಿಕೊಂಡು, ಉಳಿದವುಗಳ ಮೇಲೆ ಕುಪ್ಪಳಿಸುತ್ತ, ಕಾರ್ಪೆಟ್ಟಿನ ಹಾದಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಹೋಗಿ ಕೂತು, ತಿರುಗಿ ನಮ್ಮನ್ನು ದುರುಗುಟ್ಟಿ ನೋಡಿದರು. ನಾದಿನಿ ಅಭ್ಯಾಸಬಲದಿಂದ ಬೆರಳು ಮಡಿಸಿ ಎಣಿಸಿದಳು. ಅತ್ತಿಗೆ ಹಿಡಿದ ಮೊಲಕ್ಕೆ ಎಂದು ಶುರು ಮಾಡಿದವಳು ಅಲ್ಲೇ ತಡೆದಳು. ಅವಳ ಕಣ್ಣು ತುಂಬಿತ್ತು.

"ಯಾಕೆ ನಿಲ್ಲಿಸಿದೆ? ಪೂರ್ತಿ ಹೇಳು," ಎಂದೆ.

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೇ ಕೊತ್ತಂಬರಿ ಹಿಡಿದು ಎದ್ದು, ತಲೆ ಎತ್ತಿಕೊಂಡು ಹೇಳಿದೆ.

"ಮೂರೇ ಕಾಲು."