ಹನ್ನೊಂದನೆಯ ದಿನದ ಬಲೆ

ನಿನ್ನ ಸ್ಯಾಂಪಲ್ ನನ್ನ ಕೈಯಲ್ಲಿ ಹಾಳಾಗಲ್ಲ ಕಣೇ, ಎಂದು ಆರು ವರ್ಷದ ಕೆಳಗೆ ಇವಳು ಹುಡುಗಿಗೆ ಮಾತು ಕೊಟ್ಟಿದ್ದಳು, ಹುಡುಗಿ ಆಗಷ್ಟೇ ಪ್ರಯೋಗಾಲಯಕ್ಕೆ ಸೇರಿದ್ದಳು, ಇಕ್ಕಳ ಹಿಡಿಯಲೂ ಬಾರದೆ ಗಾಜು ಒಡೆದುಕೊಂಡು ಮೂಲೆಯಲ್ಲಿ ಮೂಗೊರೆಸಿಕೊಳ್ಳುತ್ತಿದ್ದಳು — ಈಗ ಬಟ್ಟಲಿನ ಮುಚ್ಚಳ ತೆಗೆದರೆ ಪೆಟ್ರೋಲಿನಂಥ ವಾಸನೆ, ದ್ರಾವಕದೊಳಗೆ ಉಗುರಗಲದ ಗಾಜು, ಅದರ ಮೇಲೆ ಹುಡುಗಿಯ ಹನ್ನೊಂದು ದಿನದ ಕೆಲಸ, ಅಕ್ಕಾ, ಇವತ್ತೊಂದಿನ ದ್ರಾವಕ ಬದಲಾಯಿಸ್ಬಿಡಿ, ಸೂಕ್ಷ್ಮದರ್ಶಕದಲ್ಲಿ ಇದರ ಚಿತ್ರ ಬಂದ್ರೆ ನನ್ನ ಕೆಲ್ಸ ಖಾಯಂ, ನಿಮ್ಮನ್ನ ಬಿಟ್ರೆ ಯಾರನ್ನೂ ನಂಬಲ್ಲ ನಾನು, ಬೆಣ್ಣೆಯಂಥ ಮಾತು, ಹೇಳಿ ಪ್ರಯೋಗಾಲಯದ ಮೇಷ್ಟ್ರ ಜೊತೆ ಸಮ್ಮೇಳನಕ್ಕೆ ಹೋದಳು, ವಿಮಾನದಲ್ಲಿ ಕಿಟಕಿ ಪಕ್ಕ ಕೂತಿರುತ್ತಾಳೆ, ಕೂರಲಿ. ದ್ರವಸ್ಫಟಿಕದ ಕಣಗಳೆಲ್ಲ ಒಂದೇ ದಿಕ್ಕಿಗೆ ತಲೆ ಹಾಕಿ ಮಲಗುವಂತೆ ಗಾಜನ್ನು ಮಖಮಲ್ ಬಟ್ಟೆಯಿಂದ ಉಜ್ಜಲು ಕಲಿಸಿದವರು ಯಾರು, ಒಂದೇ ಕಡೆಗೆ ಉಜ್ಜು, ಹಿಂದೆ ಮುಂದೆ ಆಡಿಸಬೇಡ, ಅಂತ ಕೈ ಹಿಡಿದು, ಆಮೇಲೆ ನೇರಳಾತೀತ ಬೆಳಕು ಬಿಟ್ಟರೆ ಒಳಗೆ ಕರಗಿದ್ದ ಮರಿ ಕಣಗಳು ಒಂದನ್ನೊಂದು ಹಿಡಿದು ಪಾಲಿಮರ್ ಆಗಿ ಅದೇ ದಿಕ್ಕಿಗೆ ನಾರುನಾರಾಗಿ ಬಲೆ ಕಟ್ಟುತ್ತವೆ, ಬಲೆ ನಿಂತಿತೋ, ದಿಕ್ಕು ತೋರಿಸಿದ ದ್ರವವನ್ನು ದಿನಾ ದ್ರಾವಕ ಬದಲಿಸುತ್ತ ತೊಳೆದು ಚೆಲ್ಲು, ಚಿತ್ರದಲ್ಲಿ ಬರುವುದು ಬಲೆ, ಹೊಗಳಿಕೆಯೂ ಬಲೆಗೇ. ಏನು ಕೈ ಮಾರಾಯ್ತಿ ನಿಂದು, ಎಂದರು ಮೇಷ್ಟ್ರು ಹುಡುಗಿಗೆ, ಇವಳು ಪಕ್ಕದಲ್ಲೇ ಸಿಂಕು ತೊಳೆಯುತ್ತಿದ್ದಳು. ಇವಳ ಬಲೆಯೂ ಒಂದು ಕಾಲಕ್ಕೆ ನಿಂತಿತ್ತು, ಮಗನಿಗೆ ಜ್ವರ ಅಂತ ಶಾಲೆಯಿಂದ ಫೋನು, ಹತ್ತು ನಿಮಿಷದಲ್ಲಿ ಬರುತ್ತೇನೆಂದು ಓಡಿದ್ದು, ಬರುವಷ್ಟರಲ್ಲಿ ದ್ರಾವಕ ಆರಿ ನಾರುಗಳೆಲ್ಲ ಒದ್ದೆ ಕೂದಲಿನ ಹಾಗೆ ಅಂಟಿ ಚಪ್ಪಟೆ, ಮನೆ ಮಕ್ಕಳು ಇರೋರಿಗೆ ಇದೆಲ್ಲ ಕಷ್ಟಮ್ಮಾ, ನೀವು ಉಪಕರಣ ನೋಡ್ಕೊಳಿ, ಎಷ್ಟು ಮೆತ್ತಗೆ ಹೇಳಿದರು ಮೇಷ್ಟ್ರು, ಅವತ್ತಿನಿಂದ ನೋಡಿಕೊಳ್ಳುತ್ತಿದ್ದಾಳೆ. ಹಳೆಯ ದ್ರಾವಕವನ್ನು ಪಿಪೆಟ್ಟಿನಲ್ಲಿ ಅರ್ಧ ಎಳೆದಾಗಿದೆ, ಹೊಸದನ್ನು ಹನಿಹನಿಯಾಗಿ ಬಿಡಬೇಕು, ಬಿಟ್ಟರಾಯಿತು, ಕೈ ಯಾಕೆ ಮೇಜಿನ ಮೇಲೇ ಇದೆ, ತಾನಾಗಿ ಆರಿದರೆ ಯಾರಿಗೆ ಗೊತ್ತು, ಹತ್ತರಲ್ಲಿ ನಾಲ್ಕು ಹೀಗೇ ಹೋಗುತ್ತವೆ, ಹೋಗ್ಲಿ ಬಿಡಿ ಅಕ್ಕಾ, ಅಂತಾಳೆ ಹುಡುಗಿ, ಹಾಗನ್ನಬಾರದು, ಬೇಕಾದರೆ ಬೈಯಲಿ, ಗಾಜಿನ ಒಂದು ಅಂಚು ಆಗಲೇ ದ್ರಾವಕದಿಂದ ಮೇಲೆ ಬಂದಿದೆ, ಹನಿ ಬಿಡು, ಇನ್ನೂ ಹೊತ್ತಿದೆ, ಹನಿ ಬಿಡೇ ಅಂದ್ರೆ — ಅಂಚು ಹೊಳೆಯುತ್ತಿದೆ, ಅಂಚು ಮಂಕಾಗುತ್ತಿದೆ, ಬೆಳ್ಳಗಾದ ಅಂಚು, ಅಂಚು.

ಇವಳು ಮಾತು ಉಳಿಸಿಕೊಳ್ಳಲಿಲ್ಲ.